ತೋಟ ಮಾರಿ ಫೀಸು ಕಟ್ಟಬೇಕೇ?

ಮಗಳ ಕಾಲೇಜಿಗೆ ಆದಾಯದ ಸರ್ಟಿಫಿಕೇಟು ಬೇಕಿತ್ತು. ಅರ್ಜಿ ಹಾಕಲು ಹೋದಾಗ ಕಂಪ್ಯೂಟರಿನ ಎದುರು ಕೂತವರು ಪಹಣಿ ನೋಡಿ ಕೇಳಿದರು. "ಎರಡೂವರೆ ಎಕ್ರೆ ಅಡಿಕೆ ತೋಟ ಉಂಟಲ್ಲ ನಿಮಗೆ? ಈಗ ಎಕ್ರೆಗೆ ರೇಟು ಎಷ್ಟು ಗೊತ್ತುಂಟಾ? ನಿಮಗೆಂತಕ್ಕೆ ಸ್ಕಾಲರ್‌ಶಿಪ್?"

"ಮಾರಿದರೆ ಮಾತ್ರ ಸರ್ ಆ ರೇಟು. ಮಾರಿದ ಮೇಲೆ ನಾನು ಕೃಷಿಕನೇ ಅಲ್ಲವಲ್ಲ" ಎಂದೆ. ಅವರು ನಕ್ಕರು. ನಾನೂ ನಕ್ಕೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಆ ಮಳೆಗಾಲ ಮೂರು ಸಲ ಮದ್ದು ಬಿಟ್ಟರೂ ಕೊಳೆರೋಗ ನಿಂತಿರಲಿಲ್ಲ. ಅರ್ಧ ಫಸಲು ಮರದ ಬುಡದಲ್ಲೇ ಬಿದ್ದಿತ್ತು. ಪಹಣಿಯಲ್ಲಿ ಮಾತ್ರ ತೋಟ ಎಂದಿನಂತೆ ಹಸುರಾಗಿಯೇ ಇತ್ತು!

ಕೆಲವು ದಿನ ಬಿಟ್ಟು ಅಮೆರಿಕದ ಅಯೋವಾದಲ್ಲಿರುವ ಭಾವನ ಮಗ ಫೋನು ಮಾಡಿದ. ಜೋಳ, ಸೋಯಾ ಬೆಳೆಯುವ ಸೀಮೆ ಅದು. ಈ ಸಂಗತಿ ಹೇಳಿದೆ. "ಮಾವ, ಇದೇ ಮಾತಿಗೆ ಇಲ್ಲಿನ ರೈತರು ಪಾರ್ಲಿಮೆಂಟಿನವರೆಗೆ ಹೋಗಿದ್ದಾರೆ" ಅಂದ. ಅವನು ಹೇಳಿದ್ದು, ಆಮೇಲೆ ನಾನು ಹುಡುಕಿ ಓದಿದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮಗೆ ಸಂಬಂಧವಿಲ್ಲದ ವಿಷಯ ಎಂದು ಪುಟ ತಿರುಗಿಸಬೇಡಿ.

ಜಮೀನು ಹಣವಾದ ಕತೆ

ಅಮೆರಿಕದಲ್ಲಿ ಬಡವರ ಮಕ್ಕಳ ಕಾಲೇಜಿಗೆ ಅಲ್ಲಿನ ಕೇಂದ್ರ ಸರಕಾರ ಕೊಡುವ ನೆರವಿಗೆ ಪೆಲ್ ಗ್ರಾಂಟ್ ಎಂದು ಹೆಸರು. 1972ರ ಕಾನೂನಿನಲ್ಲಿ ಹುಟ್ಟಿದ್ದು. ಸಾಲವಲ್ಲ, ವಾಪಸು ಕೊಡಬೇಕಾಗಿಲ್ಲ. 2025-26ರಲ್ಲಿ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಗರಿಷ್ಠ 7,395 ಡಾಲರ್. ನಮ್ಮ ಲೆಕ್ಕದಲ್ಲಿ ಆರು ಲಕ್ಷಕ್ಕೂ ಮೇಲೆ. ಕೇಳಲು ದೊಡ್ಡದು. ಆದರೆ ಅಲ್ಲಿನ ಫೀಸು, ಊಟ, ವಸತಿಯ ಮುಂದೆ ಅದು ಸಣ್ಣದು. 1970ರ ದಶಕದಲ್ಲಿ ಸರಕಾರಿ ಕಾಲೇಜಿನ ಒಟ್ಟು ಖರ್ಚಿನ ಮುಕ್ಕಾಲು ಪಾಲನ್ನು ಈ ಗ್ರಾಂಟು ತುಂಬುತ್ತಿತ್ತಂತೆ. ಈಗ ಮೂರರಲ್ಲೊಂದು ಪಾಲಿನ ಆಸುಪಾಸು. ಗ್ರಾಂಟು ಕೊಡುವುದು ವಾಷಿಂಗ್ಟನ್. ಕಾಲೇಜು ನಡೆಸುವುದು ರಾಜ್ಯ. 2008ರ ಆರ್ಥಿಕ ಕುಸಿತದ ಬಳಿಕ ರಾಜ್ಯಗಳು ಕಾಲೇಜಿಗೆ ಕೊಡುವ ಹಣ ಕಡಿಮೆ ಮಾಡಿದವು, ಕಾಲೇಜುಗಳು ಫೀಸು ಏರಿಸಿದವು. ಒಬ್ಬ ಕೊಟ್ಟದ್ದನ್ನು ಇನ್ನೊಬ್ಬ ಕಿತ್ತುಕೊಂಡ ಹಾಗಾಯಿತು.

ನೆರವು ಬೇಕಾದವರು ಫಾಫ್ಸಾ ಎಂಬ ಅರ್ಜಿ ತುಂಬಬೇಕು. ಅದರಲ್ಲಿ ಮನೆಯ ಆದಾಯ, ಆಸ್ತಿ ಎಲ್ಲ ಹೇಳಬೇಕು. ಆದರೆ ಬಹಳ ಕಾಲದಿಂದ ಒಂದು ವಿನಾಯಿತಿ ಇತ್ತು. ಕುಟುಂಬ ವಾಸವಿದ್ದು ತಾನೇ ಸಾಗುವಳಿ ಮಾಡುವ ಜಮೀನನ್ನು ಆಸ್ತಿಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಜಮೀನಿನಿಂದ ಬಂದ ಆದಾಯವನ್ನಷ್ಟೇ ಹಿಡಿಯುತ್ತಿದ್ದರು. ನ್ಯಾಯವಾದ ಕ್ರಮ.

2020ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಅರ್ಜಿಯನ್ನು ಸರಳ ಮಾಡುವ ಕಾನೂನು ಮಾಡಿತು. ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದ ಅರ್ಜಿಯನ್ನು ಮೊಟಕು ಮಾಡಿದರು. ಬೇಕಾದ್ದೇ. ಆದರೆ ಕಳೆ ತೆಗೆಯುವಾಗ ಸಸಿಯೂ ಕಿತ್ತು ಬಂತು. ಜಮೀನಿನ ವಿನಾಯಿತಿಯೂ ಹೋಯಿತು. ಸಾವಿರಾರು ಪುಟದ ಬಜೆಟ್ ಮಸೂದೆಯೊಳಗೆ ಸೇರಿಸಿ ಪಾಸು ಮಾಡಿದ್ದು. ಇಂಥದ್ದರಲ್ಲಿ ಯಾವ ಸಾಲು ಯಾರ ಹೊಟ್ಟೆಗೆ ಹೊಡೆಯುತ್ತದೆಂದು ಆ ದಿನ ಎಷ್ಟು ಮಂದಿಗೆ ಗೊತ್ತಾಗಿರಬಹುದು?

2024-25ರ ಶೈಕ್ಷಣಿಕ ವರ್ಷದಿಂದ ಹೊಸ ಲೆಕ್ಕ ಜಾರಿಗೆ ಬಂತು. ಅಕ್ಟೋಬರಿನಲ್ಲಿ ಸಿಗಬೇಕಾದ ಅರ್ಜಿ 2023ರ ಡಿಸೆಂಬರ್ ಕೊನೆಗೆ ಸಿಕ್ಕಿತು. ಅದೂ ನೆಟ್ಟಗೆ ತೆರೆಯುತ್ತಿರಲಿಲ್ಲ. (ಸರ್ವರ್ ಡೌನ್ ಎಂಬುದು ನಮ್ಮ ನಾಡಕಚೇರಿಯ ಸ್ವತ್ತು ಎಂದುಕೊಂಡಿದ್ದೆ!) ಅದಕ್ಕಿಂತ ದೊಡ್ಡ ಪೆಟ್ಟು ಜಮೀನಿನದ್ದು. ಅಯೋವಾ ರಾಜ್ಯದ ವಿದ್ಯಾರ್ಥಿ ನೆರವಿನ ಇಲಾಖೆ ಮೊದಲೇ ಲೆಕ್ಕ ಹಾಕಿ ನೋಡಿತ್ತು. ಹಳೆ ಕ್ರಮದಲ್ಲಿ ಒಂದು ರೈತ ಕುಟುಂಬ ಮಗುವಿನ ಓದಿಗೆ ವರ್ಷಕ್ಕೆ ಸರಾಸರಿ 7,626 ಡಾಲರ್ ಕೊಡಬಲ್ಲದು ಎಂದು ಬರುತ್ತಿದ್ದರೆ, ಹೊಸ ಕ್ರಮದಲ್ಲಿ 41,056 ಡಾಲರ್ ಕೊಡಬಲ್ಲದು ಎಂದು ಬರುತ್ತಿತ್ತು. ಐದು ಪಟ್ಟಿಗೂ ಜಾಸ್ತಿ. ಜಮೀನು ಅದೇ, ಬೆಳೆ ಅದೇ, ಸಾಲವೂ ಅದೇ. ಕಾಗದದ ಮೇಲೆ ಮಾತ್ರ ರೈತ ಒಂದೇ ರಾತ್ರಿಯಲ್ಲಿ ಸಾಹುಕಾರ.

ಅಲ್ಲಿನ ರೈತರು ಸುಮ್ಮನೆ ಕೂರಲಿಲ್ಲ. ಫಾರ್ಮ್ ಬ್ಯೂರೋದಂಥ ಸಂಘಟನೆಗಳು ಬೆಲೆ, ವಿಮೆಯ ಜೊತೆಗೆ ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಿದವು. ಅಯೋವಾದ ರಿಪಬ್ಲಿಕನ್ ಸೆನೆಟರ್ ಜೋನಿ ಅರ್ನ್‌ಸ್ಟ್, ಮೊಂಟಾನಾದ ಡೆಮಾಕ್ರಾಟ್ ಸೆನೆಟರ್ ಜಾನ್ ಟೆಸ್ಟರ್ ಸೇರಿ ಮಸೂದೆ ತಂದರು. ಟೆಸ್ಟರ್ ಸ್ವತಃ ಕೃಷಿಕ. ಎರಡು ಪಕ್ಷದವರು ಒಂದಾದರೂ ಮಸೂದೆ ಬಿದ್ದುಕೊಂಡೇ ಇತ್ತು. ಕೊನೆಗೆ 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನೊಳಗೆ ವಿನಾಯಿತಿ ಮತ್ತೆ ಬಂತು, 2026-27ರ ಸಾಲಿನಿಂದ. ವಾಸವಿದ್ದು ದುಡಿಯುವ ಜಮೀನು, ಸಣ್ಣ ವ್ಯಾಪಾರ, ಮೀನುಗಾರಿಕೆ, ಇವು ಆಸ್ತಿಯ ಲೆಕ್ಕಕ್ಕಿಲ್ಲ. ನಡುವೆ ಎರಡು ಸಾಲಿನ ಮಕ್ಕಳು ಏಟು ತಿಂದದ್ದು ತಿಂದದ್ದೇ.

ಇನ್ನೊಂದನ್ನೂ ಹೇಳಬೇಕು. ಅದೇ ಕಾನೂನು ತೆರಿಗೆ ಕಡಿತದಿಂದ ಆಗುವ ನಷ್ಟ ತುಂಬಲು ವಿದ್ಯಾರ್ಥಿ ಸಾಲಗಳ ಮೇಲೆ ಕತ್ತರಿ ಆಡಿಸಿತು. ಪದವಿ ಮುಗಿಸಿ ಮುಂದೆ ಓದುವವರಿಗೆ ಸರಕಾರ ಕೊಡುತ್ತಿದ್ದ ಒಂದು ಬಗೆಯ ಸಾಲವನ್ನು 2026ರ ಜುಲೈಯಿಂದ ಹೊಸಬರಿಗೆ ನಿಲ್ಲಿಸಿತು. ಮಕ್ಕಳ ಓದಿಗೆ ತಂದೆ ತಾಯಿ ಮಾಡುವ ಸಾಲಕ್ಕೆ ಒಂದು ಮಗುವಿಗೆ 65,000 ಡಾಲರಿನ ಮಿತಿ ಹಾಕಿತು. ರೈತನ ಮಗ ಪದವಿಗೆ ಹೋಗುವ ದಾರಿ ಸರಿಯಾಯಿತು. ಅವನೇ ಪಶುವೈದ್ಯ ಓದಬೇಕೆಂದರೆ ಮುಂದಿನ ಸಂಕ ಕಿತ್ತು ಹಾಕಿದೆ!

ಇದರಲ್ಲೊಂದು ವಿಚಿತ್ರ ಉಂಟು. ರೈತರ, ಕೂಲಿಯವರ ಮಕ್ಕಳಿಗೆಂದೇ ಕಾಲೇಜು ಕಟ್ಟಲು 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾನೂನಿನಂತೆ ಅಲ್ಲಿನ ಕೇಂದ್ರ ಸರಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತ್ತು. ಅದನ್ನು ಮಾರಿ ಬಂದ ಹಣದಲ್ಲಿ ಕಾಲೇಜು. ಒಪ್ಪಿಕೊಂಡ ಮೊದಲ ರಾಜ್ಯವೇ ಅಯೋವಾ. ಆ ಮಾದರಿಯಲ್ಲೇ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಹುಟ್ಟಿದ್ದು. 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿ.ವಿ.ಗೆ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿತ್ತು. ಭೂಮಿಯಿಂದ ಎದ್ದ ಕಾಲೇಜಿಗೆ ಹೋಗಲು ರೈತನ ಮಗನಿಗೆ ಭೂಮಿಯೇ ಅಡ್ಡ ಬಂತು.

ನಮ್ಮ ಅಂಗಳದಲ್ಲಿ

ಈಗ ನಮ್ಮಲ್ಲಿಗೆ ಬರೋಣ. ನಮ್ಮಲ್ಲಿ ಜಮೀನನ್ನು ಹೇಗೆ ಲೆಕ್ಕ ಹಾಕುತ್ತಾರೆ? ಒಂದೊಂದು ಕಿಟಕಿಯಲ್ಲಿ ಒಂದೊಂದು ರೀತಿ.

2019ರಲ್ಲಿ ಸಂವಿಧಾನದ 103ನೇ ತಿದ್ದುಪಡಿಯ ಮೂಲಕ ಬಂದ ಆರ್ಥಿಕ ದುರ್ಬಲರ ಮೀಸಲಾತಿ ನೋಡಿ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಸರಿ. ಆದರೆ 5 ಎಕ್ರೆ ಕೃಷಿ ಜಮೀನು ಇದ್ದರೆ ಆದಾಯ ಎಷ್ಟೇ ಕಡಿಮೆ ಇರಲಿ, ಅನರ್ಹ. ಕಾಲುವೆ ನೀರಿನ 5 ಎಕ್ರೆಗೂ ಮಳೆ ನಂಬಿದ 5 ಎಕ್ರೆಗೂ ವ್ಯತ್ಯಾಸವಿಲ್ಲ. ಪಾವಗಡದ ಶೇಂಗಾ ಹೊಲವೂ ಒಂದೇ, ಮಂಡ್ಯದ ಕಬ್ಬಿನ ಗದ್ದೆಯೂ ಒಂದೇ. ಏಳೂವರೆ ಲಕ್ಷ ಸಂಬಳದವನು ಬಡವ, ಒಣ ಹೊಲದಲ್ಲಿ ಒಂದು ಲಕ್ಷವೂ ಕಾಣದವನು ಜಮೀನ್ದಾರ. ಅಮೆರಿಕದವರು ಐದು ವರ್ಷದೊಳಗೆ ತಪ್ಪನ್ನು ತಿದ್ದಿದರು. ನಮ್ಮಲ್ಲಿ ಇದು ತಪ್ಪು ಎಂದು ರೈತ ಸಂಘಟನೆಗಳು ಹೇಳಿದ್ದೇ ನನ್ನ ಕಿವಿಗೆ ಬಿದ್ದಿಲ್ಲ.

ಇನ್ನೊಂದು ಕಿಟಕಿಯಲ್ಲಿ ಜಮೀನೇ ಅರ್ಹತೆ. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಘೋಷಿಸಿದರು. ರೈತ ವಿದ್ಯಾ ನಿಧಿ ಎಂದು ಹೆಸರಾಯಿತು. ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಬಿ.ಎ., ಬಿ.ಕಾಂ.ನಂಥ ಪದವಿಗೆ 5,000 ಮತ್ತು 5,500. ಇಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರ ಓದಿಗೆ 10,000 ಮತ್ತು 11,000. ಫ್ರೂಟ್ಸ್ ನೋಂದಣಿ ಇದ್ದರೆ ರೈತ ಎಂದು ಗುರುತು. ಹಣ ನೇರ ಖಾತೆಗೆ. ಮೊತ್ತ ದೊಡ್ಡದಲ್ಲ, ಇಂಜಿನಿಯರಿಂಗಿನವನಿಗೆ ಹಾಸ್ಟೆಲಿನ ಎರಡು ಮೂರು ತಿಂಗಳ ಊಟಕ್ಕೆ ಆದೀತು. ಆದರೂ ರೈತನ ಮಗು ಎಂಬ ಕಾರಣಕ್ಕೇ ಕೊಟ್ಟ ಹಣವಲ್ಲ, ನನಗೆ ಸಂತೋಷವೇ ಆಗಿತ್ತು. 2023ರ ಮೇಯಲ್ಲಿ ಸರಕಾರ ಬದಲಾಯಿತು. ಯೋಜನೆ ನಿಲ್ಲಿಸಿದರೆಂದು ವಿರೋಧ ಪಕ್ಷದವರು ದೂರಿದರು. ಯಾರು ಸರಿ ಎಂಬ ಜಗಳ ನನಗೆ ಬೇಡ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯುತ್ತೇವೆ. ಇಂಜಿನಿಯರಿಂಗ್ ಓದಿಗೆ ನಾಲ್ಕು ವರ್ಷ ಬೇಕು. ನೆರವು ಮಾತ್ರ ಒಂದು ಚುನಾವಣೆಯಿಂದ ಮತ್ತೊಂದು ಚುನಾವಣೆಯವರೆಗೆ ಎಂದರೆ ಯಾವ ಧೈರ್ಯದಲ್ಲಿ ಮಗುವನ್ನು ಸೇರಿಸುವುದು?

ಅರುವತ್ತು - ನಲುವತ್ತು

ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರೊಬ್ಬರ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಪರಿಶಿಷ್ಟ ಜಾತಿಯವರು. ಜಮೀನು ಅಂದರೆ ಮನೆಯಡಿಯ ಐದು ಸೆಂಟ್ಸು. "ಸ್ಕಾಲರ್‌ಶಿಪ್ ಬರ್ಲಿಲ್ಲ ಅಣ್ಣೇರೆ, ಕಾಲೇಜಿನವರು ಫೀಸು ಕಟ್ಟದೆ ಪರೀಕ್ಷೆಗೆ ಬಿಡುದಿಲ್ಲಂತೆ" ಎಂದು ಮಾರ್ಚಿಯಲ್ಲಿ ಬಂದರು. ಕೈಸಾಲ ಕೊಟ್ಟೆ. ಹಣ ಬಂದದ್ದು ಪರೀಕ್ಷೆ ಮುಗಿದ ಮೇಲೆ, ಅದೂ ಅರ್ಧ. ಉಳಿದರ್ಧ ಎಲ್ಲಿ ಎಂದು ಕೇಳಿದರೆ "ಅದು ಕೇಂದ್ರದ್ದು" ಎಂಬ ಉತ್ತರ.

ಇದರ ಹಿಂದಿನ ಕತೆ ಹೀಗಿದೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದಲೂ ಇದೆ, ಸ್ವಾತಂತ್ರ್ಯಕ್ಕೂ ಹಳೆಯದು. ಹಿಂದೆ ಹಂಚಿಕೆಯ ಒಂದು ವಿಚಿತ್ರ ಸೂತ್ರ ಇತ್ತು. ಒಂದು ಪಂಚವಾರ್ಷಿಕ ಯೋಜನೆಯ ಕೊನೆ ವರ್ಷ ರಾಜ್ಯದಲ್ಲಿ ಎಷ್ಟು ಖರ್ಚಾಯಿತೋ ಅಷ್ಟು ಮುಂದೆ ಪ್ರತಿವರ್ಷ ರಾಜ್ಯದ ತಲೆಗೆ. ಅದಕ್ಕಿಂತ ಹೆಚ್ಚಾದರೆ ಮಾತ್ರ ಕೇಂದ್ರ ಕೊಡುವುದು. ಹೆಚ್ಚು ಮಕ್ಕಳನ್ನು ಓದಿಸಿದ ರಾಜ್ಯಕ್ಕೆ ಹೆಚ್ಚು ಹೊರೆ! 12ನೇ ಯೋಜನೆ 2017ರಲ್ಲಿ ಮುಗಿದಾಗ ರಾಜ್ಯಗಳ ಹೊರೆ ಒಮ್ಮೆಲೇ ಏರಿತು. 2017-18ರಿಂದ 2019-20ರ ತನಕ ಕೇಂದ್ರದಿಂದ ಇಡೀ ದೇಶಕ್ಕೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 1,100 ಕೋಟಿ ಮಾತ್ರ. ಹಲವು ರಾಜ್ಯಗಳಲ್ಲಿ ಬಾಕಿ ಬೆಳೆಯಿತು.

2020ರ ಡಿಸೆಂಬರ್ 23ರಂದು ಕೇಂದ್ರ ಸಂಪುಟ ಸೂತ್ರವನ್ನು ಬದಲಾಯಿಸಿತು. ಕೇಂದ್ರ 60, ರಾಜ್ಯ 40. ಐದು ವರ್ಷಕ್ಕೆ ಒಟ್ಟು 59,048 ಕೋಟಿ, ಅದರಲ್ಲಿ ಕೇಂದ್ರದ ಪಾಲು 35,534 ಕೋಟಿ. ಇದು ಒಳ್ಳೆಯ ತೀರ್ಮಾನ, ಹೊಗಳಬೇಕಾದ್ದೇ. ಆದರೆ ಅದರ ಜೊತೆ ಒಂದು ಷರತ್ತು. ರಾಜ್ಯ ತನ್ನ 40 ಹಾಕಿದ ಮೇಲೆಯೇ ಕೇಂದ್ರದ 60 ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುವುದು. ರಾಜ್ಯ ತಡ ಮಾಡಿದರೆ ಕೇಂದ್ರದ್ದೂ ತಡ. ಆಧಾರ್ ಜೋಡಣೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಎರಡೂ ಇಲ್ಲ. ಕಾಲೇಜಿನ ಗುಮಾಸ್ತನಿಗೆ ಈ 60-40 ಯಾವುದೂ ಬೇಡ. ಅವನಿಗೆ ನೂರಕ್ಕೆ ನೂರು ಬೇಕು, ಅದೂ ಪರೀಕ್ಷೆಗೆ ಮೊದಲು.

ಆದಾಯ ಮಿತಿಯೂ ಹಾಗೆಯೇ. ಎರಡೂವರೆ ಲಕ್ಷ ಎಂದು ನಿಗದಿಯಾದದ್ದು 2013ರಲ್ಲಿ. 2021ರ ಹೊಸ ಮಾರ್ಗಸೂಚಿಯಲ್ಲೂ ಅದೇ ಎರಡೂವರೆ ಲಕ್ಷ. ಆ ಎಂಟು ವರ್ಷದಲ್ಲಿ ಮದ್ದು ಬಿಡುವವನ ಸಂಬಳ ಎಷ್ಟಾಯಿತೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ವರ್ಷವಿಡೀ ಕೂಲಿಗೆ ಹೋದರೆ ಮಿತಿ ದಾಟುತ್ತದೆ. ಆಗ ದುಡಿದದ್ದೇ ತಪ್ಪಾಯಿತು.

ಯಾರ ಕಿಸೆ ತೂತು?

ಬೆಂಗಳೂರನ್ನು ಕೇಳಿದರೆ ದೆಹಲಿಯತ್ತ ಕೈ ತೋರಿಸುತ್ತಾರೆ. ಅದರಲ್ಲಿ ಸುಳ್ಳಿಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟದ್ದು ನೂರಕ್ಕೆ 4.713. 15ನೇ ಆಯೋಗ 2021ರಿಂದ 2026ರವರೆಗೆ ಅದನ್ನು 3.647ಕ್ಕೆ ಇಳಿಸಿತು. ಸೆಸ್, ಸರ್ಚಾರ್ಜ್ ಎಂದು ಕೇಂದ್ರ ಎತ್ತುವ ಹಣದಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದರು.

ದೆಹಲಿಯನ್ನು ಕೇಳಿದರೆ ಗ್ಯಾರಂಟಿಗಳತ್ತ ಕೈ ತೋರಿಸುತ್ತಾರೆ. ಅದರಲ್ಲೂ ಸುಳ್ಳಿಲ್ಲ. 2024-25ರ ಬಜೆಟಿನಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ನಮ್ಮ ಮನೆಗೂ ಎರಡು ಸಾವಿರ ಬರುತ್ತದೆ. ಬೇಡ ಎಂದು ನಾವೇನೂ ಬರೆದು ಕೊಟ್ಟಿಲ್ಲ. ಆದರೆ ಬಜೆಟಿನಲ್ಲಿ ಹಣ ಸಾಲದೆ ಬಂದಾಗ ಮೊದಲು ತಡೆಹಿಡಿಯುವುದು ಯಾವುದನ್ನು? ತಡವಾದರೆ ಗಲಾಟೆ ಮಾಡದವರದ್ದನ್ನು. ಗೃಹಲಕ್ಷ್ಮಿ ಎರಡು ತಿಂಗಳು ತಡವಾದರೆ ಪೇಪರಿನಲ್ಲಿ ಬರುತ್ತದೆ. ವಿದ್ಯಾರ್ಥಿವೇತನ ಹತ್ತು ತಿಂಗಳು ತಡವಾದರೆ ಹುಡುಗ ಗೆಳೆಯನಿಂದ ಸಾಲ ಮಾಡುತ್ತಾನೆ, ಇಲ್ಲವೇ ಕಾಲೇಜು ಬಿಟ್ಟು ಬೆಂಗಳೂರಿನ ಹೋಟೆಲಿಗೆ ಸೇರುತ್ತಾನೆ. ಯಾವ ಪೇಪರಿನಲ್ಲೂ ಬರುವುದಿಲ್ಲ.

ಬ್ಯಾಂಕಿನಲ್ಲಿ ಸಾಲ ಸಿಗುತ್ತದಲ್ಲ ಎನ್ನುವವರಿದ್ದಾರೆ. 2024ರ ನವೆಂಬರಿನಲ್ಲಿ ಕೇಂದ್ರ ಮಂಜೂರು ಮಾಡಿದ ವಿದ್ಯಾಲಕ್ಷ್ಮಿ ಯೋಜನೆ ನೋಡಿ. 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 3ರ ಬಡ್ಡಿ ರಿಯಾಯಿತಿ. ಚೆನ್ನಾಗಿದೆ. ಆದರೆ ಅದು ಆರಂಭದಲ್ಲಿ ದೇಶದ 860 ಉತ್ತಮ ಸಂಸ್ಥೆಗಳಿಗೆ ಮಾತ್ರ, ಬಡ್ಡಿ ರಿಯಾಯಿತಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ. ನಮ್ಮ ತಾಲೂಕಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಯ ಲೆಕ್ಕ ಅಲ್ಲಿ ಬರುವುದಿಲ್ಲ. ಉಳಿದವರಿಗೆ ಬ್ಯಾಂಕು ಕೊನೆಗೆ ಕೇಳುವುದು ಪಹಣಿಯನ್ನೇ. ಮೊದಲೇ ಅದು ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಅಡವಾಗಿರುತ್ತದೆ.

ನನ್ನ ಅಭಿಪ್ರಾಯ

ಜಮೀನಿನ ಬೆಲೆಯನ್ನಲ್ಲ, ಜಮೀನು ಆ ವರ್ಷ ಕೊಟ್ಟದ್ದನ್ನು ಹಿಡಿಯಲಿ. ಸೊಸೈಟಿಯಲ್ಲಿ, ಎಪಿಎಂಸಿಯಲ್ಲಿ ನಾವು ಹಾಕಿದ ಬೆಳೆಯ ಬಿಲ್ಲು ಇರುತ್ತದೆ. ಬೆಳೆ ಸಮೀಕ್ಷೆ ಎಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ವಿಮೆಗೆ ಮಳೆಯ ಲೆಕ್ಕ ಇದೆ. ಇಷ್ಟೆಲ್ಲ ಇರುವಾಗ ಆದಾಯದ ಸರ್ಟಿಫಿಕೇಟಿಗೆ ಅಂದಾಜಿನ ಅಂಕೆ ಏಕೆ?

ಹಾಗೆ ಮಾಡಿದರೆ ಐವತ್ತು ಎಕ್ರೆಯ ಧಣಿಯೂ ಬಡವನ ಸಾಲಿನಲ್ಲಿ ನಿಲ್ಲುತ್ತಾನೆ ಎಂಬ ಆಕ್ಷೇಪ ಬರುತ್ತದೆ. ಅಮೆರಿಕದಲ್ಲೂ ಈ ಮಾತು ಬಂತು. ಅದರಲ್ಲಿ ತಥ್ಯವಿದೆ. ಕೋಟಿ ಬೆಲೆಯ ಜಮೀನಿನವನ ಮಗನಿಗೂ, ಬಾಡಿಗೆ ಮನೆಯ ಕೂಲಿಯವನ ಮಗನಿಗೂ ಒಂದೇ ನೆರವು ಎಂದರೆ ಅದು ನ್ಯಾಯವಲ್ಲ. ಕೆಲಸದವರ ಮಗ ಮತ್ತು ನನ್ನ ಮಗಳು, ಇಬ್ಬರಲ್ಲಿ ಒಬ್ಬರಿಗೇ ಕೊಡುವಷ್ಟು ಹಣ ಇದ್ದರೆ ಅವನಿಗೇ ಮೊದಲು ಹೋಗಬೇಕು. ಇದನ್ನು ಬರೆಯುವಾಗ ಮನೆಯವಳು ಹಿಂದಿನಿಂದ ಓದಿ "ಹಾಗಾದ್ರೆ ನೀವು ಆ ಆಫೀಸಿನಲ್ಲಿ ಯಾಕೆ ವಾದ ಮಾಡಿದ್ದು?" ಎಂದು ಕೇಳಿದಳು. ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕಾಯಿತು. ಅವನಿಗೆ ಮೊದಲು ಎಂದರೆ ನನ್ನ ಮಗಳಿಗೆ ಇಲ್ಲ ಎಂದಲ್ಲ. ಐದು ಎಕ್ರೆಯೊಳಗಿನ, ಜಮೀನಿನಲ್ಲೇ ವಾಸವಿದ್ದು ತಾನೇ ದುಡಿಯುವ ಕೃಷಿಕನಿಗೆ ಒಂದು ಗೆರೆ ಎಳೆಯಬಹುದು. ಅಮೆರಿಕದ ವಿನಾಯಿತಿಯೂ ಕುಟುಂಬ ವಾಸವಿರುವ ಜಮೀನಿಗೇ. ಪೇಟೆಯಲ್ಲಿ ಕೂತು ತೋಟ ಇಟ್ಟವನಿಗಲ್ಲ. ಒಣ ಹೊಲಕ್ಕೆ ಬೇರೆ ಅಳತೆ ಇಡಬಹುದು. ಭೂಸುಧಾರಣೆಯ ಕಾನೂನು ಹಿಂದೆಯೇ ನೀರಾವರಿ ಜಮೀನಿಗೂ ಖುಷ್ಕಿಗೂ ಬೇರೆ ಬೇರೆ ಮಿತಿ ಇಟ್ಟಿತ್ತಲ್ಲ.

ಹಣದ ಸಮಯ ಇನ್ನೂ ಮುಖ್ಯ. ಜೂನಿನಲ್ಲಿ ಸೇರಿದವನಿಗೆ ಮುಂದಿನ ಜೂನಿನಲ್ಲಿ ಬರುವ ಹಣ ನೆರವಲ್ಲ, ಬಾಕಿ ಪಾವತಿ. ರಾಜ್ಯ 40 ಹಾಕಲಿ, ಕೇಂದ್ರ 60 ಹಾಕಲಿ, ಯಾರು ಮೊದಲು ಎಂಬುದನ್ನು ಅವರವರೇ ಒಳಗೆ ಬಗೆಹರಿಸಿಕೊಳ್ಳಲಿ. ಅಲ್ಲಿಯವರೆಗೆ ಮಗುವನ್ನು ಪರೀಕ್ಷೆಯಿಂದ ಹೊರಗಿಡಬಾರದು ಎಂಬ ಆದೇಶವಾದರೂ ಕಾಲೇಜಿನ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಇರಲಿ.

ನಾವು ಬೆಂಬಲ ಬೆಲೆ ಕೇಳಿದ್ದೇವೆ, ಸಾಲ ಮನ್ನಾ ಕೇಳಿದ್ದೇವೆ, ಎಲೆಚುಕ್ಕಿಗೆ ಪರಿಹಾರ ಕೇಳಿದ್ದೇವೆ. ಮಕ್ಕಳ ಓದಿನ ಹಣವನ್ನು ಒಂದು ಕೃಷಿ ಬೇಡಿಕೆಯೆಂದು ಕೇಳಿದ ನೆನಪಿಲ್ಲ. ಅದು ಶಿಕ್ಷಣ ಇಲಾಖೆಯದ್ದು, ಸಮಾಜ ಕಲ್ಯಾಣದ್ದು ಎಂದು ಬಿಟ್ಟಿದ್ದೇವೆ. ಆದರೆ ನಮ್ಮೂರಿನಲ್ಲಿ ಕಳೆದ ಹತ್ತು ವರ್ಷದಲ್ಲಿ ಮಾರಾಟವಾದ ಐದು ತೋಟಗಳಲ್ಲಿ ಎರಡು ಹೋದದ್ದು ರೋಗದಿಂದಲ್ಲ, ಬೆಲೆ ಕುಸಿತದಿಂದಲ್ಲ. ಮಕ್ಕಳ ಕಾಲೇಜಿನ ಖರ್ಚಿಗೆ.

ಈ ಸಲ ನಮ್ಮ ಸೊಸೈಟಿಯ ಮಹಾಸಭೆಗೆ ಈ ವಿಷಯ ಇಡಬೇಕೆಂದು ಬರೆದು ಕೊಟ್ಟಿದ್ದೇನೆ. ಆದಾಯ ಲೆಕ್ಕದ ಬಗ್ಗೆ ಒಂದು ನಿರ್ಣಯ, ಸದಸ್ಯರ ಮತ್ತು ಸದಸ್ಯರ ಕೆಲಸದವರ ಮಕ್ಕಳಿಗೆ ವಿದ್ಯಾರ್ಥಿವೇತನ ಬರುವವರೆಗೆ ಕಡಿಮೆ ಬಡ್ಡಿಯಲ್ಲಿ ಫೀಸಿನ ಮುಂಗಡ ಕೊಡಲು ಸಾಧ್ಯವೇ ಎಂಬ ಚರ್ಚೆ, ಇವೆರಡು. ಕಾರ್ಯದರ್ಶಿಗಳು ಕಾಗದ ತೆಗೆದುಕೊಂಡು ಎರಡು ಸಲ ಓದಿದರು. "ಇದು ನಮ್ಮ ಅಜೆಂಡಾದಲ್ಲಿ ಎಲ್ಲಿ ಬರ್ತದೆ ಮಾರಾಯ್ರೇ, ಗೊಬ್ಬರದ ನಂತರವಾ?" ಎಂದು ಕೇಳಿದರು. ಗೊಬ್ಬರಕ್ಕಿಂತ ಮೊದಲು ಹಾಕಿ ಎಂದು ಹೇಳಿ ಬಂದಿದ್ದೇನೆ.